ನೀರು ಬಿಟ್ಟವರು ಯಾರು

ಹಿತ್ತಲ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡಲು ಕೂತರೆ ನನ್ನ ಕೈ ಕಲ್ಲು ಹುಡುಕುತ್ತದೆ, ಕಣ್ಣು ಮಾತ್ರ ಹೊಳೆಯ ಮೇಲೆ ತೇಲಿಕೊಂಡು ಎಲ್ಲಿಗೋ ಹೋಗಿಬಿಡುತ್ತದೆ. ಹೀಗಾಗಿ ನಮ್ಮ ರೊಟ್ಟಿಯಲ್ಲಿ ಆಗಾಗ ಮರಳು ಕರಕರ ಎನ್ನುತ್ತದೆಂದು ನಮ್ಮ ಮನೆಯವರ ದೂರು. ಎನ್ನಲಿ ಬಿಡಿ, ಅವರ ಹಲ್ಲು ಇನ್ನೂ ಗಟ್ಟಿಯಿವೆ. ದಿಗ್ಗೇವಾಡಿಯ ಈ ಕಟ್ಟೆಗೆ ನೀವೂ ಒಮ್ಮೆ ಬಂದು ಕೂಡಬೇಕು. ಆಷಾಢದ ಮಧ್ಯಾಹ್ನ, ಆಚೆ ದಂಡೆಯೆಲ್ಲ ಜಿಟಿಜಿಟಿ ಮಳೆಯಲ್ಲಿ ಕರಗಿಹೋಗಿ, ಕೃಷ್ಣೆ ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿ ಸದ್ದಿಲ್ಲದೆ ಸಾಗುವಾಗ, ಸಾಗುತ್ತಿರುವುದು ಹೊಳೆಯೋ ನಾವು ಕೂತ ಕಟ್ಟೆಯೋ ಎಂಬುದೇ ಮರೆತುಹೋಗುತ್ತದೆ. ಜೋಳ ಅಲ್ಲೇ ಉಳಿಯುತ್ತದೆ.

ನನ್ನ ತವರು ಇದೇ ಹೊಳೆಯ ಮೇಲ್ದಂಡೆಯಲ್ಲಿ, ಗಡಿಯಾಚೆಯ ಮರಾಠಿ ಸೀಮೆಯಲ್ಲಿದೆ. ಅಲ್ಲಿನ ಸ್ನಾನಘಟ್ಟದ ಮೆಟ್ಟಿಲಲ್ಲಿ ನನ್ನ ದಾದಾ, ಅಂದರೆ ಅಣ್ಣ, ಬೆಳಗಿನ ಸ್ನಾನ ಮಾಡಿದ ನೀರು ಊರೂರು ಬಳಸಿ ನನ್ನ ಹಿತ್ತಲಿಗೆ ಬರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಬೈದ ದಿನ ನಾನು ಹೊಳೆಗಿಳಿದು ಮುಖ ತೊಳೆಯುತ್ತಿದ್ದೆ, ಅವ್ವನ ಒದ್ದೆ ಕೈ ಕೆನ್ನೆಗೆ ತಾಗಿದಂತಾಗಿ ಅಳು ತಾನಾಗಿ ನಿಲ್ಲುತ್ತಿತ್ತು. ಬೇರೆಯವರು ತವರಿಗೆ ಬಸ್ಸು ಹತ್ತಿ ಹೋಗಬೇಕು, ನನ್ನ ತವರು ನಡೆದುಕೊಂಡೇ ಬರುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ಗಾದೆ. ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಅದು ತಿರುಗುಮುರುಗಾಗಿದೆ, ನೀರೇ ಊರಿಗೆ ಬರುತ್ತದೆ. ಕಟ್ಟೆ ಹತ್ತಿ, ಅಡುಗೆಮನೆ ಹೊಕ್ಕು, ಒಲೆಯ ಮೇಲೆ ಕೂತು, ಹೋಗುವಾಗ ಮೊಣಕಾಲುದ್ದ ರಾಡಿ ಬಿಟ್ಟು ಹೋಗುತ್ತದೆ. ಆ ಕೆಸರನ್ನು ಬಳಿದು ಹಾಕುವುದರಲ್ಲಿ ಶ್ರಾವಣ ಮುಗಿಯುತ್ತದೆ.

ಆ ನೀರು ಬಿಟ್ಟವರು ಯಾರು? ನಮ್ಮ ಮನೆಯಲ್ಲಿ ಇದು ಮುಗಿಯದ ವ್ಯಾಜ್ಯ. ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ನಮ್ಮದು. ಉಂಡಾದ ಮೇಲೂ ಸಂಜೆ ಉದ್ದಕ್ಕೆ ಬಿದ್ದುಕೊಂಡಿರುತ್ತದೆ, ಅದನ್ನು ಕಳೆಯಲು ಒಂದು ಜಗಳ ಬೇಕೇ ಬೇಕು. ನಮ್ಮ ಮನೆಯವರು ಕೈತೊಳೆದು ಬಂದವರೇ ದಾದಾನಿಗೆ ಫೋನು ಹಚ್ಚುತ್ತಾರೆ.

"ಏನ್ರಿ ಪಾವಣೇರ, ಮ್ಯಾಲಿನ ಡ್ಯಾಮಿಂದ ಮತ್ತ ನೀರು ಬಿಟ್ರಂತಲ್ರಿ? ನಮ್ಮನ್ನ ತೇಲಿಸೇ ಬಿಡಬೇಕಂತ ಮಾಡೀರೇನು?"

ಪಾವಣೇರು ಎಂದರೆ ನಮ್ಮ ಕಡೆ ಬೀಗರು. ಬೀಗರು ಬಿಡುತ್ತಾರೆಯೇ?

"ಅರೇ ವಾ! ಕೆಳಗ ನಿಮ್ಮವರು ಡ್ಯಾಮಿನ ಬಾಗಲಾ ಹಾಕ್ಕೊಂಡು ಕುಂತಾರ, ನೀರು ಹಿಂದಕ್ಕ ಸರದು ನಮ್ಮ ಮನಿ ಹೊಕ್ಕೈತಿ. ಮೊದಲ ಅದನ್ನ ತಗಸ್ರಿ, ಆಮ್ಯಾಲ ಮಾತಾಡ್ರಿ!"

ಅತ್ತ ದರಿ, ಇತ್ತ ಪುಲಿ. ಮೇಲಿನ ಡ್ಯಾಮು ನನ್ನ ತವರು, ಕೆಳಗಿನದು ನನ್ನ ಗಂಡನ ಮನೆ ಎಂಬಂತೆ ನಾನು ಇಬ್ಬರ ಪರವಾಗಿಯೂ ಬೈಸಿಕೊಳ್ಳುತ್ತೇನೆ. ಮಗಳು ಪದ್ಮಾ ಸುಮ್ಮನಿರುವವಳಲ್ಲ. ರಾಯಬಾಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಮಕ್ಕಳಿಗೆ ಹೇಳಿ ಉಳಿದದ್ದನ್ನು ಮನೆಗೆ ತರುತ್ತಾಳೆ.

"ಅಪ್ಪಾ, ಮಾಮಾ, ಡ್ಯಾಮಿನ ಜಗಳ ಇರವಲ್ದ್ಯಾಕ. ಮಳಿ ಬೀಳೂ ರೀತಿನ ಬದಲಾಗೇತಿ. ತಿಂಗಳಗಟ್ಲೆ ಬೀಳೂದು ಎರಡ ದಿನದಾಗ ಬೀಳಾಕತ್ತೈತಿ. ಸಮುದ್ರ ಕಾಯಾಕತ್ತೈತಿ, ಅದಕ್ಕ."

"ಕಾಯೂದು ಸಮುದ್ರ, ಉಕ್ಕೂದು ನಮ್ಮ ಹೊಳಿ!" ನಮ್ಮವರು ಫೋನಿನ ಕಡೆ ಬಾಗಿ ಹೇಳುತ್ತಾರೆ. "ಕೇಳಿದ್ರೇನ್ರಿ ಪಾವಣೇರ? ಚಾ ಕಾಯೂದು ಒಂದ ಮನ್ಯಾಗಂತ, ಉಕ್ಕೂದು ಇನ್ನೊಂದ ಮನ್ಯಾಗಂತ!"

ಫೋನಿನೊಳಗಿಂದ ದಾದಾ ಹೊಟ್ಟೆ ಹಿಡಿದು ನಗುತ್ತಾನೆ. ಆ ಒಂದು ಗಳಿಗೆ ಮಾತ್ರ ಎರಡು ರಾಜ್ಯಗಳಿಗೂ ಒಮ್ಮತ.

ಆದರೆ ಒಂದು ಸಂಜೆ ಪದ್ಮಾ, "ನೀ ಸುಡೂ ರವದಿ ಹೊಗಿನೂ ಅದರಾಗ ಐತಪ್ಪಾ" ಎಂದಳು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ರವದಿ ಎನ್ನುತ್ತೇವೆ, ಎಲ್ಲರೂ ಸುಡುತ್ತಾರೆ. ನಮ್ಮವರ ಮುಖ ಸಣ್ಣದಾಯಿತು. "ನನ್ನ ಹೊಲದ ಒಂದ ಹಿಡಿ ಹೊಗಿಗೆ ಕೆಟ್ಟಹೋಗೂವಷ್ಟು ಬಡವ ಏನವಾ ಆಕಾಶ?" ಎಂದು ಎದ್ದುಹೋದರು. ಆಕೆ ಹಿಂದಿನಿಂದ ಕೂಗಿ ಹೇಳಿದಳು, ಮಡ್ಡಿಯ ಹೊಲದಲ್ಲಿ ಮನೆ ಕಟ್ಟೋಣ, ಇಲ್ಲಿ ಇನ್ನು ಬಾಳುವೆ ಆಗದು ಎಂದು. ಊರ ಹಿಂದಿನ ಆ ದಿಬ್ಬದ ಮೇಲೆ ನಮ್ಮದೊಂದು ಒಣಭೂಮಿಯಿದೆ.

ಮೊರ ಹಿಡಿದು ಕೂತಾಗ ನಾನು ಯೋಚಿಸುತ್ತೇನೆ, ಓದಿದವಳ ಮಾತನ್ನು ಇವರು ಯಾಕೆ ಒಪ್ಪುವುದಿಲ್ಲ? ದಡ್ಡರಂತೂ ಅಲ್ಲ. ಮಿರಗದ, ಅಂದರೆ ಮೃಗಶಿರದ, ಮಳೆ ಮಿರಗಕ್ಕೆ ಬರುತ್ತಿಲ್ಲ, ಬಂದದ್ದು ಹದಕ್ಕೆ ಬೀಳುತ್ತಿಲ್ಲ ಎಂದು ನನಗಿಂತ ಮೊದಲು ಹೇಳಿದವರೇ ಅವರು. ಆದರೆ ನೋಡಿ, ತಪ್ಪು ಡ್ಯಾಮಿನದಾದರೆ ಅದಕ್ಕೊಂದು ಬಾಗಿಲಿದೆ, ಬಾಗಿಲ ಬಳಿ ಒಬ್ಬ ಮನುಷ್ಯನಿದ್ದಾನೆ, ಅವನನ್ನು ಬೈಯಬಹುದು, ಇಂದಲ್ಲ ನಾಳೆ ಅವನಿಗೆ ಬುದ್ಧಿ ಬಂದೀತು, ಅಲ್ಲಿಯತನಕ ಮನೆ ಇದ್ದಲ್ಲೇ ಇದ್ದೀತು. ಆಕಾಶವೇ ಬದಲಾಗಿದ್ದರೆ ಯಾರ ಬಳಿ ಹೋಗುವುದು? ಆಗ ಮಾವನವರು ಕೈಯಾರೆ ಕಲ್ಲು ಹೊತ್ತು ಕಟ್ಟಿದ ಈ ಮನೆಯನ್ನು ಬಿಟ್ಟೇಳಬೇಕು. ಡ್ಯಾಮಿನ ಹೆಸರು ಹೇಳಿ ಅವರು ವಾದಿಸುತ್ತಿದ್ದುದು ಮನೆಯ ಪರವಾಗಿ. ನಾನೇನು ಕಡಿಮೆಯೇ? ಮಗಳ ಮಾತು ಸುಳ್ಳಾಗಲಿ ಎಂದು ನಾನೂ ಬಸದಿಯಲ್ಲಿ ಕೈಮುಗಿದಿದ್ದೇನೆ. ಮಡ್ಡಿಯ ಮೇಲೆ ಹೊಳೆಯಿಲ್ಲ, ಅಲ್ಲಿಗೆ ನನ್ನ ತವರು ಹತ್ತಿ ಬರಲಾರದು.

ಈ ವರ್ಷ ಮಳೆ ಮಿರಗಕ್ಕೂ ಮೊದಲೇ ಸುರಿಯತೊಡಗಿ ಬಿಡುವೇ ಕೊಡಲಿಲ್ಲ. ನೀರು ಕಟ್ಟೆಯ ಬುಡಕ್ಕೆ ಬಂದು ನಿಂತ ದಿನ ದಾದಾನೇ ಫೋನು ಮಾಡಿದ, ಅದೂ ಮಧ್ಯಾಹ್ನ.

"ಪಾವಣೇರ, ನಾ ಹೊಳಿ ದಂಡಿ ಮನಿ ಬಿಟ್ಟೆ. ಹಿಂದಿನ ಗ್ವಾಡಿ ಕುಸೀತು. ಎಲ್ಲಾರೂ ಮ್ಯಾಲ ರಸ್ತೆ ಕಡೆ ಬಂದೇವಿ."

ನಮ್ಮವರು ಅಭ್ಯಾಸಬಲದಿಂದಲೋ ಸಮಾಧಾನಕ್ಕೋ, "ಯಾರು ಬಿಟ್ರಂತ ನೀರು?" ಎಂದರು.

"ಯಾರರ ಬಿಡ್ಲಿ ಮಾರಾಯಾ," ದಾದಾನ ದನಿ ದಣಿದಿತ್ತು. "ಎಷ್ಟಂತ ರಾಡಿ ಬಳೀಲಿ? ಮಳಿ ನಿಂದರವಲ್ದು."

ಅಂದು ಸಂಜೆ ಜಗಳವಾಗಲಿಲ್ಲ. ಕಟ್ಟೆಯ ಬುಡದ ಕೆಂಪು ನೀರನ್ನು ನೋಡುತ್ತ ಕೂತೆ. ಅದು ನನ್ನ ತವರಿನ ಗೋಡೆಯ ಮಣ್ಣನ್ನೇ ತಂದಿರಬೇಕು. ಮನಸಾರೆ ಅತ್ತುಬಿಟ್ಟೆ.

ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ನಾವು ಮಡ್ಡಿಗೆ ಹೋದೆವು. ಯಾರು ಯಾರನ್ನು ಒಪ್ಪಿಸಿದರೆಂದು ಕೇಳಬೇಡಿ, ಯಾರೂ ಒಪ್ಪಿಸಲಿಲ್ಲ. ದಾದಾ ಮುಂಜಾನೆಯ ಬಸ್ಸಿಗೇ ಬಂದಿದ್ದ. ಬುನಾದಿಯ ಗುರುತಿಗೆ ಗೂಟ ಬಡಿದು, ಹಗ್ಗದ ಒಂದು ತುದಿ ಇವರು, ಇನ್ನೊಂದು ತುದಿ ಅವನು ಹಿಡಿದು ಬಿಗಿಯುತ್ತಿರುವಾಗಲೇ ಮೇಲಿನ ಡ್ಯಾಮು, ಕೆಳಗಿನ ಡ್ಯಾಮು ಮತ್ತೆ ಶುರುವಾದವು. ಸದ್ಯ, ಜೀವ ಬಂತು ಎಂದುಕೊಂಡೆ. ತಗ್ಗಿನಲ್ಲಿ ಕೃಷ್ಣೆ ಕಬ್ಬಿನ ಹಸಿರಿನ ನಡುವೆ ಬಿಸಿಲಿಗೆ ಒಣಹಾಕಿದ ಸೀರೆಯಂತೆ ಬಿದ್ದಿದ್ದಳು. ಅಷ್ಟು ಎತ್ತರಕ್ಕೆ ಅವಳ ಸದ್ದೇ ಇರಲಿಲ್ಲ.

ನಮ್ಮವರು ಜಗಳ ಬಿಟ್ಟು ಆ ಕಡೆ ತಿರುಗಿದರು. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಮಗಳನ್ನು ಕೇಳಿದರು.

"ಪದ್ಮಾ, ಇಲ್ಲೀತನಕಾ ಬರೂದಿಲ್ಲಲ್ಲವಾ?"

ಎಲ್ಲದಕ್ಕೂ ಉತ್ತರವಿದ್ದ ನನ್ನ ಮಗಳು ಹೊಳೆಯನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು.

"ಗೊತ್ತಿಲ್ಲಪ್ಪಾ," ಎಂದಳು.

"ಹಂಗಾರ ಬುನಾದಿ ಇನ್ನೊಂದ ಮೊಳಾ ಏರಿಸೂಣು," ಎಂದು ಅವರು ತಮ್ಮ ತುದಿಯ ಹಗ್ಗವನ್ನು ಗೂಟದ ಮೇಲಕ್ಕೆ ಸರಿಸಿದರು. ಎದುರಿಗಿದ್ದ ದಾದಾ ತನ್ನ ತುದಿಯನ್ನೂ ಸರಿಸಿದ.