ಪಾರ್ವತಿಯ ಹಿಂದಿನ ಗುಡ್ಡ

೧೯೭೯ರ ಶ್ರಾವಣದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಯಲ್ಲಿದ್ದ ಚಿತ್ರಶಾಲೆಯ ಎರಡನೆಯ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಚಿತ್ರದಿಂದ ಮೂರು ಹೆಜ್ಜೆ ದೂರ ನಿಂತಿದ್ದೆ. ಇಲ್ಲಿ ಮೊದಲು ಎರಡು ಹೆಜ್ಜೆ ಎಂದು ಬರೆದಿದ್ದೆ, ಮೂರೇ ಸರಿ.

ಆಗ ನಾನು ಚಿತ್ರಕಲೆಯ ವಿದ್ಯಾರ್ಥಿ. ಹಳೆಯ ದೇವರ ಚಿತ್ರಗಳಲ್ಲಿ ಗುಡ್ಡ, ಗಿಡ, ಹೊಳೆ ಹೇಗೆ ಬಂದಿವೆ ಎಂದು ನೋಡಿ, ಪಕ್ಕದ ಕೋಣೆಯ ನಿಸರ್ಗಚಿತ್ರಗಳೊಂದಿಗೆ ಹೋಲಿಸಲು ಗುರುಗಳು ನನ್ನನ್ನೂ ಒಬ್ಬಳು ಸಹಪಾಠಿಯನ್ನೂ ಕಳಿಸಿದ್ದರು. ನನ್ನ ಪಾಲಿಗೆ ಬಂದದ್ದು ಶಿವಪಾರ್ವತಿ. ಖಾನಾಪುರದ ಬಿದ್ದ ಗುಡಿಯೊಂದರ ಗೋಡೆಯಿಂದ ಗಾರೆಸಮೇತ ಬಿಡಿಸಿ ತಂದದ್ದು. ಕೋಣೆಯ ಕಾವಲುಗಾರರೂ ಅದೇ ಊರಿನವರು, ದಿನಾ ರೈಲಿನಲ್ಲಿ ಬರುತ್ತಿದ್ದರು. ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು.

ಪಾರ್ವತಿಯ ಹಿಂದೆ ಒಂದು ಗುಡ್ಡ, ಪೂರ್ತಿ ಮಸುಕು.

"ಕಾಕಾ, ಇದರ ಬಣ್ಣ ಕಾಣವಲ್ದರಿ. ಏನರ ಮಾಡ್ರಿ," ಅಂದೆ.

"ಊರಾಗ ಹಬ್ಬಕ್ಕೊಮ್ಮೆ ಗುಡಿ ಗ್ವಾಡಿಗೆ ಒಂದ ತಂಬಗಿ ನೀರ ಉಗ್ಗತಿದ್ವಿ ತಮ್ಮಾ. ಥಳಥಳ ಅಂತಿತ್ತು."

"ಬ್ಯಾಡ್ರಿ ಕಾಕಾ," ಅಂದಳು ಸಹಪಾಠಿ.

"ಯಾಕವಾ? ಶ್ರಾವಣದಾಗ ಶಿವಪ್ಪಗ ಜಳಕಾ ಬ್ಯಾಡೇನು?" ಎಂದು ನಕ್ಕು, ಕಾಕಾ ನನ್ನ ಮುಖ ನೋಡಿದರು.

"ಹಾಕ್ರಿ," ಅಂದೆ.

ತಮ್ಮ ತಂಬಿಗೆಯ ನೀರನ್ನು ಅಂಗೈಯಿಂದ ಚಿಮುಕಿಸಿದರು. ಗುಡ್ಡ ಹಸಿರಾಗಿ ಎದ್ದು ಬಂತು, ಅದರ ನೆತ್ತಿಯಲ್ಲಿ ಎರಡು ನವಿಲು. ಅಷ್ಟರಲ್ಲಿ ಹಸಿರು ಇಳಿಯತೊಡಗಿತು. ಕಾಕಾ ಗಾಬರಿಯಿಂದ ಧೋತರದ ಚುಂಗನ್ನು ಒತ್ತಿ ಹಿಡಿದರು. ತೆಗೆದಾಗ ಗುಡ್ಡ ಬಟ್ಟೆಯಲ್ಲಿತ್ತು. ಚಿತ್ರದಲ್ಲಿ ಬರೀ ಗಾರೆ.

"ಊರಾಗ ಹಿಂಗ ಆಗ್ತಿದ್ದಿಲ್ಲೋ ತಮ್ಮಾ."

ಮೇಲ್ವಿಚಾರಕರು ಬಂದರು. ನೀರು ಹಾಕಿದ್ದು ತಾವೇ ಎಂದು ಕಾಕಾ ಒಪ್ಪಿಕೊಂಡರು. "ಯಾರರ ಹಾಕು ಅಂದ್ರೇನು?" ಎಂದು ಮೇಲ್ವಿಚಾರಕರು ನನ್ನನ್ನು ಕೇಳಿದರು.

"ಇಲ್ರಿ," ಅಂದೆ.

ಮುಂದಿನ ವಾರ ಆ ಕೋಣೆಯ ಬಾಗಿಲಲ್ಲಿ ಕಾಕಾರ ಬದಲು ಬೇರೆಯವರು ಕುಳಿತಿದ್ದರು.

ಚಳಿ ಬಿದ್ದ ಮೇಲೆ ಖಾನಾಪುರಕ್ಕೆ ಹೋಗಿ ಕಾಕಾರ ಮನೆ ಹುಡುಕಿದೆ. ಚಹಾ ಕೊಟ್ಟರು. ಕೆಲಸದ ಮಾತೇ ಎತ್ತಲಿಲ್ಲ. "ನವಲ ಎಷ್ಟಿದ್ವು ತಮ್ಮಾ? ನನಗ ಒಂದ ಕಂಡ್ತು," ಅಂದರು. ಎರಡು ಅಂದೆ. ಹೇಳಬೇಕೆಂದು ಹೋದದ್ದನ್ನು ಹೇಳದೆ, ಸಂಜೆಯ ರೈಲಿಗೆ ಬಂದುಬಿಟ್ಟೆ.

ಕಾಕಾ ಈಗಿಲ್ಲ. ನೀರು ಹಾಕಿಸಿದವನು ನಾನು. ಅದನ್ನು ಕಂಡವರಲ್ಲಿ ನನ್ನ ಹೊರತು ಉಳಿದಿರುವವಳು ಆ ಸಹಪಾಠಿ ಒಬ್ಬಳೇ, ಬೆಳಗಾವಿಯ ಖಾಸಬಾಗದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೊನ್ನೆ ಇದನ್ನು ಅವಳಿಗೆ ಓದಿ ಹೇಳಿದೆ. ಅವಳು ಒಂದು ಮಾತನ್ನೂ ತಿದ್ದಲಿಲ್ಲ.