ಅರ್ಥ ಮುಂದಿನ ಸಲ
ಡಯಾಲಿಸಿಸ್ ವಾರ್ಡಿಗೆ ಬರುವಾಗಲೂ ನನ್ನ ಎದುರು ಮಂಚದ ಇಂಗ್ಲಿಷ್ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯನ್ನೇ ತೊಡುತ್ತಾರೆ. ಸೂಜಿ ಚುಚ್ಚುವ ಕೈಯ ತೋಳನ್ನು ಮಾತ್ರ ಮಡಚಿರುತ್ತಾರೆ. ಯಂತ್ರಗಳು ಗುಂಯ್‌ಗುಟ್ಟತೊಡಗಿದವೋ, ಅವರ ತರಗತಿ ಶುರು. ಪಾಠವೆಲ್ಲ ಕಾಲದ ಬಗೆಗಿನ ಇಂಗ್ಲಿಷ್ ನುಡಿಗಟ್ಟುಗಳದ್ದೇ. "'ಕಿಲ್ಲಿಂಗ್ ಟೈಮ್' ಅಂದ್ರೆ ಸುಮ್ನೆ ಹೊತ್ತು ಕಳೆಯೋದು. ಅವರು ಕಾಲಾನ ಕೊಂದೇಬಿಡ್ತಾರೆ, ನಾವು ಪಾಪ, ಹರಟೆ ಹೊಡೀತೀವಿ," ಎಂದರೆ ಪಕ್ಕದ ಮಂಚದ ಅಜ್ಜಿ, "ನಿಮ್ಮ ಹರಟೆ ಕೇಳಿದ್ರೆ ಅದು ತಾನಾಗೇ ಸಾಯುತ್ತೆ ಬಿಡಿ," ಎನ್ನುತ್ತಾರೆ. 'ಒನ್ಸ್ ಇನ್ ಎ ಬ್ಲೂ ಮೂನ್' ಎಂದರೆ ಅಪರೂಪಕ್ಕೊಮ್ಮೆ. ಉದಾಹರಣೆಗೆ, ದೊಡ್ಡ ಡಾಕ್ಟರು ನಗುವುದು. ಮೇಷ್ಟ್ರದು ಒಂದೇ ಕೆಟ್ಟ ಚಾಳಿ: ಹೊರಡುವ ಮುಂಚೆ ಹೊಸದೊಂದು ನುಡಿಗಟ್ಟು ಹೇಳುತ್ತಾರೆ, ಅರ್ಥ ಹೇಳುವುದಿಲ್ಲ. "ಅರ್ಥ ಮುಂದಿನ ಸಲ." ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನುವುದಿಲ್ಲ. ಮೇಷ್ಟ್ರ ಗತ್ತು ಎಂದೇ ನಾನು ತಿಳಿದಿದ್ದೆ. ಹೋದ ವಾರ ಮೂಲೆ ಮಂಚದ ಟ್ಯಾಕ್ಸಿ ಡ್ರೈವರ್ ಸೂಜಿ ತೆಗೆಸಿಕೊಳ್ಳುತ್ತ, "ಸಾಕಾಯ್ತು ಮೇಷ್ಟ್ರೇ. ಇನ್ನು ನಾನು ಬರಲ್ಲ, ಆದದ್ದಾಗ್ಲಿ," ಎಂದ. ಬರದಿದ್ದರೆ ಏನಾಗುತ್ತದೆಂದು ಆ ವಾರ್ಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮೇಷ್ಟ್ರು ಬುದ್ಧಿ ಹೇಳಲಿಲ್ಲ. ಅವನನ್ನೇ ನೋಡುತ್ತ, "'ಇನ್ ದ ನಿಕ್ ಆಫ್ ಟೈಮ್'," ಎಂದರು. "ಹಂಗಂದ್ರೆ?" "ಅರ್ಥ ಮುಂದಿನ ಸಲ." ಅವನು ಬೈದುಕೊಂಡೇ ಹೋದ. ಮುಂದಿನ ಸರದಿಯ ದಿನ ಎಲ್ಲರೂ ಮಲಗಿಯಾದ ಮೇಲೆ ಬಾಗಿಲಲ್ಲಿ ಅವನ ದನಿ ಕೇಳಿತು: "ಮನೇಲಿ ಯಾರ್ಗೂ ಗೊತ್ತಿಲ್ಲ ಅದ್ರ ಅರ್ಥ. ಹೇಳ್ತೀರೋ, ವಾಪಸ್ ಹೋಗ್ಲೋ?" "ಮೊದ್ಲು ಮಲ್ಕೊಳಪ್ಪ." ನರ್ಸ್ ಸೂಜಿ ಹಾಕಿ, ಯಂತ್ರ ತಿರುಗತೊಡಗಿದ ಮೇಲೆಯೇ ಮೇಷ್ಟ್ರು ಬಾಯಿಬಿಟ್ಟರು: "ಇನ್ನೇನು ಕೈಮೀರಿತು ಅನ್ನೋ ಗಳಿಗೇಲಿ ಬಂದು ಮುಟ್ಟೋದು." ಸೂಜಿ ತೆಗೆಸಿಕೊಳ್ಳುವಾಗ ಡ್ರೈವರ್ ಕೇಳಿದ: "ಇವತ್ತಿಂದು ಯಾವ್ದು ಮೇಷ್ಟ್ರೇ?"