ಓಂಕಾರೇಶರ ಕ್ಯಾಸೆಟ್ ಕಂಪ್ಯೂಟರು

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬೀರೂರಿನ ಕೊಬ್ಬರಿ ವ್ಯಾಪಾರಿ ಓಂಕಾರೇಶ್ ತಮ್ಮ ಹಳೇ ಕಂಪ್ಯೂಟರನ್ನು ಟೀವಿಗೆ ಸಿಕ್ಕಿಸಿ, ಟೇಪ್‌ರೆಕಾರ್ಡರಿನಿಂದ ಕ್ಯಾಸೆಟ್ಟಿನಲ್ಲಿ ತುಂಬಿಟ್ಟ ಒಂದು ಆಟ ಲೋಡ್ ಮಾಡುತ್ತಾರೆ. ಆಟ ಲೋಡ್ ಆಗುತ್ತಾ ಕ್ಯಾಸೆಟ್ ಕಿರುಚುವಷ್ಟು ಹೊತ್ತೂ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿಲ್ಲ; ಕರೆಂಟು ಏರಿಳಿದರೆ ಮತ್ತೆ ಮೊದಲಿನಿಂದ ಶುರು. "ಚಟ್ನಿ ಯಾವಾಗ ರುಬ್ಲಿ? ಮಗಳ ಲ್ಯಾಪ್‌ಟಾಪ್ ಇಲ್ವೇನ್ರೀ?" ಎಂದು ಹೆಂಡತಿ ಕೋಮಲಾ ರೇಗಿದರೆ, "ಅದು ನಮ್ಮನ್ನ ಆಡಿಸ್ತೈತೆ ಕಣೇ, ಇದು ನಾವ್ ಹೇಳ್ದಂಗೆ ಕೇಳ್ತೈತೆ" ಎನ್ನುತ್ತಾರೆ. ಅವರ ಕಂಪ್ಯೂಟರು ಹೊಸದಿದ್ದಾಗಲೇ ಯಾರಿಗೂ ಬೇಡವಾಗಿದ್ದ ಮಾದರಿ. ಬಟನ್ ಕಿತ್ತುಬಂದರೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸುತ್ತಾರೆ. ಅಜ್ಜಂಪುರದ ಗೆಳೆಯ ಮಲ್ಲಿಕಾರ್ಜುನಪ್ಪನವರಿಗೆ ಲಕ್ವ ಹೊಡೆದ ಮೇಲೆ ಮಾತು ನಿಂತಿದೆ, ಎದುರಿಗೆ ಕೂತವರ ಗುರುತೂ ಹತ್ತುವುದಿಲ್ಲ. ಆದರೆ ಕಾಲೇಜಿನಲ್ಲಿದ್ದಾಗ ಇಬ್ಬರೂ ಸೇರಿ ಪ್ರೋಗ್ರಾಂ ಬರೆದು ಮಾಡಿದ ಆ ಆಟ ಅವರ ಮನೆಯ ಟೀವಿಯಲ್ಲಿ ಮೂಡಿದರೆ ಸಾಕು, ಅವರ ಎಡಗೈ ತಾನಾಗಿಯೇ ಬಟನ್ ಒತ್ತಿ ಓಂಕಾರೇಶರನ್ನು ಸೋಲಿಸುತ್ತದೆ, ಗೆಳೆಯ ನಗುತ್ತಾರೆ. ಈ ಭಾನುವಾರವೂ ಓಂಕಾರೇಶ್ ಟೇಪ್‌ರೆಕಾರ್ಡರನ್ನು ಚೀಲಕ್ಕೆ ಹಾಕಿ, ಕಂಪ್ಯೂಟರಿಗೆ ಟವೆಲು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಅಜ್ಜಂಪುರದ ಬಸ್ಸಿನಲ್ಲಿ ಹೋಗುತ್ತಾರೆ.